ಎಣ್ಣೆಬಟ್ಟೆಯ ಕತ್ತಿಗಳು

ಆಸ್ಪತ್ರೆಯಲ್ಲಿ ಕ್ಷೌರಿಕ ಎಂಬ ಹುದ್ದೆಯೊಂದು ಇತ್ತು ಎಂದರೆ ಈಗ ಕೆಲಸಕ್ಕೆ ಸೇರುವವರು ನಂಬುವುದಿಲ್ಲ. ಇತ್ತು. ಆಪರೇಷನ್ನಿಗೆ ಮುಂಚೆ ಆ ಜಾಗದ ಕೂದಲು ತೆಗೆಯುವುದು, ತಲೆಗೆ ಪೆಟ್ಟು ಬಿದ್ದು ಬಂದವರ ತಲೆ ಬೋಳಿಸುವುದು, ಎದ್ದು ಕೂರಲಾರದವರ ಗಡ್ಡ ಹೆರೆಯುವುದು, ಇಷ್ಟು ನನ್ನ ಕೆಲಸ. ಮೊದಲು ನಂಜನಗೂಡಿನಲ್ಲಿ, ಆಮೇಲೆ ತಿ. ನರಸೀಪುರದಲ್ಲಿ. ಸೇರಿದ ದಿನ ಯಾವ ಹುದ್ದೆಯೋ ನಿವೃತ್ತಿಯ ದಿನವೂ ಅದೇ ಹುದ್ದೆ. ಬಡ್ತಿಯ ಕಥೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಇದನ್ನು ಬರೆಯಲು ಕೂತದ್ದಕ್ಕೆ ಕಾರಣ, ವಾರ್ಡಿಗೆ ಹೊಸದಾಗಿ ಬಂದ ಒಬ್ಬ ನರ್ಸ್ ಹುಡುಗಿ. ಬಿ.ಪಿ. ಮಾತ್ರೆಗೆಂದು ಹೋಗಿದ್ದಾಗ ಕೇಳಿದಳು. "ಅಂಕಲ್, ನೀವು ಒಂದೇ ಕತ್ತೀನ ವರ್ಷಗಟ್ಟಲೆ ಇಟ್ಕೊಂಡಿರ್ತಿದ್ರಂತಲ್ಲ. ತುಕ್ಕು ಹಿಡೀತಿರ್ಲಿಲ್ವಾ?"

ಹಿಡಿಯುತ್ತಿತ್ತು. ಹಿಡಿಯದ ಹಾಗೆ ನೋಡಿಕೊಳ್ಳುವುದೇ ಅರ್ಧ ಕೆಲಸವಾಗಿತ್ತು. ಅವಳಿಗೆ ಅಲ್ಲೇ ನಿಂತು ಅಷ್ಟನ್ನೂ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಹೇಳುತ್ತಿರುವುದು ಮಡಚುವ ಕ್ಷೌರದ ಕತ್ತಿಯ ಮಾತು. ಬೆನ್ನು ದಪ್ಪ, ಹಿಡಿ ಕೋಡಿನದು, ಬಾಯಿ ಎಷ್ಟು ತೆಳುವೆಂದರೆ ಕಣ್ಣಿಗೆ ಸಿಗುವುದಿಲ್ಲ. ಚೆನ್ನಾಗಿ ಮಸೆದ ಕತ್ತಿಯ ಬಾಯನ್ನು ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ, ಅಲ್ಲಿ ಏನೂ ಕಾಣಬಾರದು. ಬೆಳ್ಳಗೆ ಗೆರೆಯೊಂದು ಮಿನುಗಿದರೆ ಅಲ್ಲಿ ಮೊಂಡಾಗಿದೆ ಎಂದು ಅರ್ಥ. ಇದನ್ನು ಮೊದಲ ಸಲ ಅಪ್ಪ ತೋರಿಸಿಕೊಟ್ಟಾಗ ನನಗೆ ಮೈ ಜುಮ್ಮೆಂದಿತ್ತು. ಉಕ್ಕು ಇದೆ, ಆದರೆ ಅದರ ಕೊನೆ ಎಲ್ಲಿ ಎಂದು ಕಾಣುವುದಿಲ್ಲ. ಮುಟ್ಟಿದವನಿಗೆ ಮಾತ್ರ ಗೊತ್ತು.

ಅಪ್ಪನ ಹೆಸರು ಮುತ್ತಯ್ಯ. ಹೆಮ್ಮಿಗೆಯ ಆಚೆಗಿನ ಒಂದು ಹಳ್ಳಿಯಲ್ಲಿ ಊರಿನ ಕ್ಷೌರಿಕ. ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಸಂಗತಿ ಆ ಒಂದು ಊರಿಗೆ ಮಾತ್ರ ಸೇರಿದ್ದಲ್ಲ. ಅಪ್ಪ ಮನೆಮನೆಗೆ ಹೋಗಿ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಿಂದ ಭತ್ತ, ರಾಗಿ ತರುತ್ತಿದ್ದ. ಮಾತು ಕಡಿಮೆ. ಕತ್ತಿಯ ವಿಷಯಕ್ಕೆ ಬಂದರೆ ಮಾತ್ರ ನಾಲ್ಕು ಮಾತು ಹೆಚ್ಚು ಆಡುತ್ತಿದ್ದ.

ಕೆಲಸ ಮುಗಿದ ಮೇಲೆ ಅವನು ಕತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒಗೆದೊಗೆದು ಮೆತ್ತಗಾದ ಪಂಚೆಯ ತುಂಡಿನಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸುತ್ತಿದ್ದ. ಬಾಯಿಯುದ್ದಕ್ಕೂ ಎಂದೂ ಒರೆಸುತ್ತಿರಲಿಲ್ಲ. ಆಮೇಲೆ ಬಿಚ್ಚಿ ನೆರಳಿನಲ್ಲಿ ಇಡುತ್ತಿದ್ದ. ಕೀಲಿನೊಳಗಿನ ತೇವ ಆರಬೇಕು. ನಾನು ಅವಸರ ಮಾಡಿ ಎಣ್ಣೆ ಬಟ್ಟಲು ತಂದರೆ ತಡೆಯುತ್ತಿದ್ದ.

"ತಡಿ ಕಣ್ಲಾ. ನೀರ್ ಮ್ಯಾಲೆ ಎಣ್ಣೆ ಬುಟ್ರೆ ಏನಾಯ್ತದೆ? ಕಳ್ಳನ್ನ ಒಳಕ್ಕೆ ಕೂಡಾಕಿ ಬಾಗ್ಲು ಆಕ್ದಂಗೆ."

ಆರಿದ ಮೇಲೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ನಾಲ್ಕು ಸಲ ಎಳೆದು, ಬೆರಳ ತುದಿಯಲ್ಲಿ ಒಂದು ತೊಟ್ಟು ಎಣ್ಣೆ ಸವರುತ್ತಿದ್ದ. ದಿನದ ಬಳಕೆಯ ಕತ್ತಿಗೆ ಕೊಬ್ಬರಿ ಎಣ್ಣೆ. ಬಹಳ ದಿನ ಎತ್ತಿಡುವುದಕ್ಕೆ ಹರಳೆಣ್ಣೆ, ಅದು ಬೇಗ ಆರುವುದಿಲ್ಲ, ಉಕ್ಕನ್ನು ಬಿಡುವುದಿಲ್ಲ. ಎತ್ತಿಡುವ ಕತ್ತಿಯನ್ನು ಚರ್ಮದ ಚೀಲದಲ್ಲಿ ಇಡುತ್ತಿರಲಿಲ್ಲ. ಚರ್ಮ ಮಳೆಗಾಲದಲ್ಲಿ ಗಾಳಿಯ ನೀರನ್ನು ಕುಡಿದು ಕತ್ತಿಗೆ ಕೊಡುತ್ತದೆ. ಎಣ್ಣೆಬಟ್ಟೆಯಲ್ಲಿ ಸುತ್ತಿ, ಬಿದಿರಿನ ಅಂಡೆಯೊಳಗೆ ಹಾಕಿ, ಕೋಡಿನ ಹಿಡಿಗೆ ಹುಳು ಬೀಳದಂತೆ ಒಂದು ಹಿಡಿ ಬೇವಿನೆಲೆ ತುರುಕಿ ಅಟ್ಟಕ್ಕೆ ಏರಿಸುತ್ತಿದ್ದ.

ಇಷ್ಟೆಲ್ಲ ಕಲಿತು ನಂಜನಗೂಡಿನ ಕೆಲಸಕ್ಕೆ ಹೋದವನು ಮೊದಲ ತಿಂಗಳಲ್ಲೇ ಒಂದು ಕತ್ತಿಯನ್ನು ಬೇಯಿಸಿಬಿಟ್ಟೆ. ಆಸ್ಪತ್ರೆಯ ಸಾಮಾನೆಲ್ಲ ಕುದಿಯಬೇಕು ಎಂದು ಯಾರೋ ಹೇಳಿದ್ದರು. ಅಪ್ಪ ಕೊಟ್ಟ ಕತ್ತಿಯನ್ನು ಇಕ್ಕಳ, ಕತ್ತರಿಗಳ ಜೊತೆ ಕುದಿಯುವ ನೀರಿಗೆ ಹಾಕಿ ಟೀ ಕುಡಿಯಲು ಹೋದೆ. ವಾಪಸು ಬರುವಷ್ಟರಲ್ಲಿ ಕೋಡಿನ ಹಿಡಿ ಒಣಗಿದ ಎಲೆಯಂತೆ ಸೊಟ್ಟಗಾಗಿತ್ತು. ಹೆಡ್ ಸಿಸ್ಟರ್ ಸರೋಜಮ್ಮನವರು ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು ನಿಂತಿದ್ದರು.

"ಯಾರಪ್ಪ ಇದನ್ನ ಸಾರು ಮಾಡೋಕೆ ಹೊರಟಿದ್ದು?"

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಉಕ್ಕನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿಡುವುದನ್ನು ತೋರಿಸಿಕೊಟ್ಟರು. ಮೊದಲು ಸೋಪು ನೀರಿನಲ್ಲಿ ತೊಳೆ, ಕೊಳೆಯ ಮೇಲೆ ಸ್ಪಿರಿಟ್ ಹಾಕಿ ಪ್ರಯೋಜನವಿಲ್ಲ, ಆಮೇಲೆ ಸ್ಪಿರಿಟ್, ಆಮೇಲೆ ಒಣಗಿಸು, ಕೊನೆಗೆ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಎಂದರು. ಅದು ವಾಸನೆಯಿಲ್ಲದ, ನೀರಿನಂಥ ಎಣ್ಣೆ. ನಾನು ಬೆರಗಾದದ್ದು ಯಾಕೆಂದರೆ ಕತ್ತಿ ಹಿಡಿದೇ ಇರದ ಆ ಹೆಂಗಸಿನ ಮಾತೂ ನನ್ನಪ್ಪನ ಮಾತೂ ಒಂದೇ ಆಗಿದ್ದವು. ನೀರು ಆರಲಿ, ಆಮೇಲೆ ಎಣ್ಣೆ.

ಸೊಟ್ಟಗಾದ ಕತ್ತಿಯನ್ನು ಊರಿಗೆ ಒಯ್ದು ಅಪ್ಪನ ಮುಂದೆ ಇಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿದ.

"ಉಕ್ಕು ಸತ್ತಿಲ್ಲ, ಬುಡು. ಇಡಿ ಬದ್ಲಾಯ್ಸುದ್ರೆ ಆಯ್ತು," ಅಂದ. ಮಸೆಯುವ ಕಲ್ಲಿಗೆ ನೀರು ಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದ. "ಆಸ್ಪತ್ರೇಲಿ ಯಾರ್ಯಾರ್ಗೆ ಮಾಡ್ತೀಯ?"

"ಬಂದೋರ್ಗೆಲ್ಲ."

"ಎಲ್ಲಾ ಕೇರಿಯೋರ್ಗೂನಾ?"

"ಊ ಕಣಪ್ಪ. ಅಲ್ಲಿ ಯಾರೂ ಅದ ಕೇಳಕ್ಕಿಲ್ಲ."

ಅಪ್ಪ ಮಸೆಯತೊಡಗಿದ. ಕಲ್ಲಿನ ಮೇಲೆ ಕತ್ತಿ ಓಡುವ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು. ಆಗ ನನಗೆ ಅದರ ಅರ್ಥ ಗೊತ್ತಾಗಲಿಲ್ಲ.

ನಂಜನಗೂಡಿನ ದಿನಗಳಲ್ಲಿ ಒಂದು ಕೂಸಿನ ತಲೆಯನ್ನು ಮರೆಯಲಾರೆ. ಹುಲ್ಲಹಳ್ಳಿ ಕಡೆಯ ಹೆಂಗಸೊಬ್ಬಳು ಎದೆಗೆ ಅವಚಿಕೊಂಡು ಓಡಿಬಂದಿದ್ದಳು. ವಾಂತಿ, ಭೇದಿ. ಕೂಸು ಅಳುವುದನ್ನೂ ಬಿಟ್ಟಿತ್ತು. ಡಾಕ್ಟರು ಕೈ ನೋಡಿದರು, ಕಾಲು ನೋಡಿದರು, ಗ್ಲೂಕೋಸ್ ಏರಿಸಲು ಎಲ್ಲೂ ನರ ಸಿಗಲಿಲ್ಲ. "ತಲೇಲಿ ಸಿಗುತ್ತೆ. ಕಿವಿ ಮೇಲೆ ಸ್ವಲ್ಪ ಕೂದಲು ತೆಗಿ," ಎಂದರು ನನಗೆ.

ನಾನು ಕತ್ತಿ ಬಿಚ್ಚಿದ್ದೇ ತಡ, ತಾಯಿ ನನ್ನ ಮುಂಗೈ ಹಿಡಿದುಕೊಂಡಳು. "ಬ್ಯಾಡಿ ಸಾ. ಮೊದಲ್ನೆ ಮುಡಿ ನಂಜುಂಡಪ್ಪಂಗೆ ಅಂತ ಅರಕೆ ಒತ್ತಿವ್ನಿ. ಅದ್ಕೂ ಮುಂಚೆ ಕತ್ತಿ ತಾಕ್ಬಾರ್ದು."

ಸರೋಜಮ್ಮನವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಮುಡಿ ಕೊಡೋಕೆ ತಲೆ ಉಳೀಬೇಕಲ್ಲಮ್ಮ. ಅವನಿಗೋಸ್ಕರವೇ ಉಳಿಸ್ತಾ ಇದೀವಿ ಅಂದ್ಕೋ."

ಅವಳು ಕೈ ಬಿಟ್ಟಳು. ನಾನು ಕೂಸಿನ ತಲೆಯನ್ನು ಅಂಗೈಯಲ್ಲಿ ತೆಗೆದುಕೊಂಡೆ. ನೆತ್ತಿಯ ಮೆತ್ತನೆಯ ಜಾಗ, ಬೆರಳಿನಿಂದ ಒತ್ತಿದ ಹಿಟ್ಟಿನ ಹಾಗೆ ಒಳಕ್ಕೆ ಕುಸಿದಿತ್ತು. ಅಲ್ಲಿ ಎಲುಬಿಲ್ಲ. ಬರೀ ಚರ್ಮ, ಅದರ ಕೆಳಗೆ ಜೀವ. ಕಿವಿಯ ಮೇಲೆ ನಾಣ್ಯದಷ್ಟು ಜಾಗದಲ್ಲಿ ಕತ್ತಿ ಆಡಿಸಿದೆ. ಆ ಕೂದಲು ಕತ್ತಿಗೆ ಸಿಕ್ಕಿದ್ದೇ ಗೊತ್ತಾಗಲಿಲ್ಲ. ಒದ್ದೆ ಹತ್ತಿಯ ಮೇಲೆ ಹೊಗೆಯಂತೆ ಅಂಟಿಕೊಂಡಿತ್ತು. ಡಾಕ್ಟರು ನರ ಹಿಡಿದರು. ನಾನು ಆ ಕೂದಲನ್ನು ಕಾಗದದಲ್ಲಿ ಮಡಚಿ ತಾಯಿಗೆ ಕೊಟ್ಟು, "ಮುಡಿ ಕೊಡೋವಾಗ ಇದನ್ನೂ ಸೇರ್ಸವ್ವ," ಎಂದೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ವಾರ್ಡಿಗೆ ಹೋದರೆ ಕೂಸು ತಾಯಿಯ ಮೊಲೆ ಹುಡುಕುತ್ತಿತ್ತು. ಕುಸಿದಿದ್ದ ನೆತ್ತಿ ತುಂಬಿಕೊಂಡು ಮೆಲ್ಲಗೆ ಬಡಿಯುತ್ತಿತ್ತು. ಅದರ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಆ ಮೇಲೆ ಎಷ್ಟೋ ತಲೆಗಳನ್ನು ಹಿಡಿದಿದ್ದೇನೆ. ಒಡೆದ ತಲೆ, ಸುಟ್ಟ ತಲೆ, ಹುಚ್ಚು ಹಿಡಿದ ತಲೆ. ಯಾವುದನ್ನು ಹಿಡಿದರೂ ಕೈಗೆ ಮೊದಲು ನೆನಪಾಗುವುದು ಆ ಬಡಿತ.

ನಾನು ನರಸೀಪುರಕ್ಕೆ ವರ್ಗವಾಗಿ ಬಂದ ಮೇಲೆ ಕತ್ತಿಯ ಕಾಲ ಮುಗಿಯಿತು. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡ, ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಆಮೇಲೆ ಅದನ್ನು ಎಸೆ ಎಂದು ನಿಯಮ ಬಂತು. ಸರಿಯಾದ ನಿಯಮ. ರಕ್ತದ ಜೊತೆ ಯಾವ ಕಾಯಿಲೆ ಬಂದಿದೆ ಎಂದು ಕತ್ತಿಗೆ ತಿಳಿಯುವುದಿಲ್ಲ. ಈಗಂತೂ ಎಷ್ಟೋ ಆಪರೇಷನ್ನಿಗೆ ಬೋಳಿಸುವುದೇ ಬೇಡ, ಮೆಷಿನ್ನಿನಲ್ಲಿ ಕತ್ತರಿಸಿದರೆ ಸಾಕು ಎನ್ನುತ್ತಾರೆ. ಅದೂ ಸರಿಯೇ. ನನ್ನ ಕತ್ತಿಗಳನ್ನು ತೊಳೆದು, ಒಣಗಿಸಿ, ಅಪ್ಪನ ಹಾಗೇ ಹರಳೆಣ್ಣೆ ಸವರಿ ಎತ್ತಿಟ್ಟೆ. ಅಪ್ಪನೂ ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿದ್ದ. ಊರಿನಲ್ಲಿ ನನ್ನ ತಮ್ಮ ಕುರ್ಚಿ, ಕನ್ನಡಿ ಹಾಕಿ ಸಲೂನ್ ಮಾಡಿಕೊಂಡಿದ್ದ. ಅಪ್ಪ ಅವನ ಜೊತೆಯಲ್ಲೇ ಇದ್ದ.

ನನ್ನ ಸರ್ವೀಸಿನ ಕೊನೆಯ ದಿನಗಳಲ್ಲಿ ಅಪ್ಪನಿಗೆ ದಮ್ಮು ಜೋರಾಗಿ ನರಸೀಪುರದ ಆಸ್ಪತ್ರೆಗೆ ಸೇರಿಸಿದೆವು. ಅವನ ಪಕ್ಕದ ಮಂಚಕ್ಕೆ ಬಂದವರು ನಮ್ಮೂರಿನವರೇ, ಸಿದ್ದಯ್ಯನವರು. ಕೇರಿಯವರು. ಊರಿನ ನಾಲೆಗೆ ನೀರುಗಂಟಿಯಾಗಿದ್ದರು, ಯಾವ ಗದ್ದೆಗೆ ಯಾವಾಗ ನೀರು ಎಂದು ತೂಬು ತೆಗೆದು ಹಾಕುವ ಕೆಲಸ. ಅಪ್ಪನ ವಾರಗೆಯವರು. ದವಡೆಯ ಕೆಳಗೆ ಒಂದು ಗಡ್ಡೆ ಎದ್ದಿತ್ತು, ತೆಗೆಯಬೇಕಾಗಿತ್ತು. ಬೆಳ್ಳನೆಯ ಗಡ್ಡ ಆ ಗಡ್ಡೆಯನ್ನು ಮುಚ್ಚಿತ್ತು.

ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾನು ಸೋಪು, ಹೊಸ ಬ್ಲೇಡು ಹಿಡಿದು ಸಿದ್ದಯ್ಯನವರ ಹತ್ತಿರ ಹೋದೆ. "ಯಜಮಾನ್ರೆ, ಗಡ್ಡ ತೆಗೀಬೇಕು," ಎಂದು ಕೆನ್ನೆಗೆ ನೊರೆ ಹಚ್ಚುತ್ತಿದ್ದಾಗ ಹಿಂದಿನಿಂದ ಅಪ್ಪನ ದನಿ ಬಂತು.

"ತಡಿ. ನಾ ಮಾಡ್ತೀನಿ."

ತಿರುಗಿ ನೋಡಿದೆ. ಅಪ್ಪ ಮಂಚದಿಂದ ಕಾಲು ಇಳಿಬಿಟ್ಟು ಕೂತಿದ್ದ. ಆಮ್ಲಜನಕದ ನಳಿಗೆಯನ್ನು ಮೂಗಿನಿಂದ ಕಿತ್ತು ಕೈಯಲ್ಲಿ ಹಿಡಿದಿದ್ದ.

ಸಿದ್ದಯ್ಯನವರು ನೊರೆ ಹಚ್ಚಿದ ಮುಖವನ್ನೇ ಅವನ ಕಡೆ ತಿರುಗಿಸಿದರು. "ಬ್ಯಾಡ ಮುತ್ತಯ್ಯ. ನಿನ್ ಮಗ ಮಾಡ್ತನೆ."

"ನಾ ಮಾಡ್ತೀನಿ ಅಂತಿವ್ನಲ್ಲ."

"ಇಲ್ಲಿ ಮಾಡುದ್ರೆ ಏನ್ ಬಂತು?" ಸಿದ್ದಯ್ಯನವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿ ಎಲ್ಲಾರ್ಗೂ ಮಾಡ್ತರೆ. ಸರ್ಕಾರ ಮಾಡುಸ್ತದೆ. ನಿಂಗೆ ಮಾಡ್ಬೇಕು ಅಂತ ಅನ್ನುಸುದ್ರೆ ಊರಲ್ಲಿ ಮಾಡು. ನಿಮ್ಮನೆ ಮುಂದೆ, ಬೀದೀಲಿ. ಒತ್ತಾರೆ, ಜನ ಓಡಾಡೊ ಒತ್ತಲ್ಲಿ. ಆಗ ಬತ್ತೀನಿ."

ಅಪ್ಪ ನಳಿಗೆಯನ್ನು ಮತ್ತೆ ಮೂಗಿಗೆ ಸಿಕ್ಕಿಸಿಕೊಂಡು, "ಆಗ್ಲಿ," ಅಂದ. ನಾನು ಸಿದ್ದಯ್ಯನವರ ಗಡ್ಡ ತೆಗೆದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಆ ಸಂಜೆ ಅಪ್ಪ ನನಗೆ ಹೇಳಿದ. ಇಬ್ಬರೂ ಹುಡುಗರಾಗಿದ್ದಾಗ ನಾಲೆ ಏರಿಯ ಮೇಲೆ ಒಟ್ಟಿಗೆ ದನ ಮೇಯಿಸಿದವರು. ಸಿದ್ದಯ್ಯನವರ ಮದುವೆ ಗೊತ್ತಾದಾಗ ಅವರು ನಮ್ಮ ಹಿತ್ತಲ ಬೇಲಿಯ ಆಚೆ ಬಂದು ನಿಂತು, "ಮುತ್ತ, ಒಂದ್ ಕಿತ ನಿನ್ ಕೈಯಲ್ಲಿ ಮಾಡ್ಬುಡು. ತೋಪಲ್ಲಿ ಬೇಕಾರೆ ಮಾಡು, ಯಾರ್ಗೂ ಕಾಣಕ್ಕಿಲ್ಲ," ಎಂದು ಕೇಳಿದ್ದರಂತೆ. ಕೇರಿಯವರನ್ನು ಮುಟ್ಟಿದ ಕತ್ತಿ ನಮ್ಮನ್ನು ಮುಟ್ಟಬಾರದು ಎಂದು ಊರಿನ ಹಿರಿಯರು ಕಟ್ಟು ಮಾಡಿದ್ದ ಕಾಲ. ಮುಟ್ಟಿದರೆ ಕಣದಿಂದ ಒಂದು ಕಾಳೂ ಇಲ್ಲ. ಅಪ್ಪ ಆಗುವುದಿಲ್ಲ ಎಂದ. ಸಿದ್ದಯ್ಯನವರು ನರಸೀಪುರದ ದಾರಿ ಹಿಡಿದರು.

"ಅಲ್ಲಿ ಯಾವ್ದೊ ಅಂಗ್ಡೀಲಿ ಮಾಡುಸ್ಕಂಡಿರ್ತನೆ ಅನ್ಕಂಡೆ," ಅಂದ ಅಪ್ಪ. "ಅನ್ಕಂಡು ಸುಮ್ಕಾದೆ. ಅವ್ನು ಬೇಲಿ ತಾವ ನಿಂತಿದ್ದು ಮಾತ್ರ ಕಣ್ಣಿಂದ ಓಗಕ್ಕಿಲ್ಲ."

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆ ಕೆಟ್ಟದ್ದಲ್ಲ ಎಂದರು. ಅಪ್ಪನೂ ಸಿದ್ದಯ್ಯನವರೂ ಬೇರೆ ಬೇರೆ ದಿನ ಊರಿಗೆ ಹೋದರು. ಗಾಯ ಮಾಗಿ, ಗಡ್ಡ ಮತ್ತೆ ಬೆಳೆಯುವವರೆಗೆ ಕಾಯಬೇಕಾಗಿತ್ತು. ಕಾಯುವಾಗ ಅಪ್ಪ ಬೇಗ ಸೋತುಹೋದ. ಮಂಚದಿಂದ ಬಾಗಿಲಿಗೆ ಬರಲು ಎರಡು ಕಡೆ ಗೋಡೆ ಹಿಡಿಯುತ್ತಿದ್ದ. ಆದರೂ ಒಂದು ದಿನ ನನಗೆ ಫೋನ್ ಮಾಡಿಸಿ, "ಬಾ. ಅಟ್ಟದಿಂದ ಕತ್ತಿ ಇಳ್ಸು," ಅಂದ.

ತಮ್ಮನಿಗೆ ಇದು ಬೇಕಿರಲಿಲ್ಲ. ಅವನ ಸಲೂನಿಗೆ ಕೇರಿಯವರು ಬರುತ್ತಿರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಯಾರೂ ಹೇಳಿರಲಿಲ್ಲ. "ಅಪ್ಪ, ಮಾಡೋದಾದ್ರೆ ಅವ್ರ ಮನೆಗೆ ಓಗಿ ಮಾಡು, ನಾನೇ ಬೈಕಲ್ಲಿ ಬುಡ್ತೀನಿ. ಬೀದೀಲಿ ಯಾಕೆ? ನಾಳೆ ನಾನು ಇಲ್ಲೇ ಬದುಕ್ಬೇಕಲ್ವಾ?" ಎಂದ.

"ಅವ್ನು ಬೀದಿ ಅಂದವ್ನೆ," ಅಂದ ಅಪ್ಪ.

ನಾನು ಅಟ್ಟ ಹತ್ತಿ ಬಿದಿರಿನ ಅಂಡೆ ಇಳಿಸಿದೆ. ಬೇವಿನೆಲೆ ಪುಡಿಯಾಗಿ ಸುರಿಯಿತು. ಎಣ್ಣೆಬಟ್ಟೆ ಹಳದಿಯಾಗಿ ಬಿಗಿದುಕೊಂಡಿತ್ತು. ಅಪ್ಪ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸುತ್ತು ಸುತ್ತಾಗಿ ಬಿಚ್ಚಿದ. ಒಳಗಿನ ಸುತ್ತು ಬರುವ ಹೊತ್ತಿಗೆ ನಾನೂ ತಮ್ಮನೂ ಬಗ್ಗಿ ನಿಂತಿದ್ದೆವು. ಎಷ್ಟೋ ಮಳೆಗಾಲ ಕಳೆದಿದ್ದವು, ನದಿಯ ತೇವ ಗೋಡೆಗೆಲ್ಲ ಏರುವ ಊರು ನಮ್ಮದು. ಗಟ್ಟಿಯಾದ ಎಣ್ಣೆಯನ್ನು ಅಪ್ಪ ಹೆಬ್ಬೆರಳಿನಿಂದ ಒರೆಸಿದ. ಕೆಳಗೆ ಉಕ್ಕು, ಆಗತಾನೆ ಹೊಳೆಯಿಂದ ಎತ್ತಿದ ಮೀನಿನ ಹಾಗೆ ಹೊಳೆಯಿತು. ಒಂದು ಚುಕ್ಕೆ ತುಕ್ಕಿಲ್ಲ. ಅಪ್ಪ ಬಾಯನ್ನು ಬೆಳಕಿಗೆ ಹಿಡಿದ. ಅಲ್ಲಿ ಏನೂ ಕಾಣಲಿಲ್ಲ.

ನಾನು ಕತ್ತಿಯನ್ನು ಸೋಪು ನೀರಿನಲ್ಲಿ ತೊಳೆದು, ತಂದಿದ್ದ ಸ್ಪಿರಿಟ್ಟಿನಲ್ಲಿ ನೆನೆಸಿಟ್ಟೆ. ಆಗ ತಮ್ಮನ ಹೆಂಡತಿ ತಂದಿಟ್ಟ ಮಾತ್ರೆಯ ಡಬ್ಬಿಯನ್ನು ಅಪ್ಪ ದೂರ ತಳ್ಳುತ್ತಿರುವುದು ಕಂಡಿತು. ದಮ್ಮಿನ ಮಾತ್ರೆ ತಗೊಂಡರೆ ಅವನ ಕೈ ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ಜೀವಮಾನ ಕಳೆದ ನನಗೆ ತಡೆಯಲಾಗಲಿಲ್ಲ.

"ಅಪ್ಪ, ಬಿಟ್ರೆ ಉಸ್ರು ಕಟ್ತದೆ. ತಗೊ."

"ತಗಂಡ್ರೆ ಕೈ ಕುಣಿತದೆ. ಅವ್ನ ಮೊಕಕ್ಕೆ ಗೀರು ಬೀಳ್ಬಾರ್ದು. ಉಸ್ರು ವಸಿ ಒತ್ತು ಕಾಯ್ತದೆ, ಬುಡು."

ಮಾರನೆಯ ದಿನ ಬೆಳಿಗ್ಗೆ, ಹಾಲಿನ ಕ್ಯಾನು ಹಿಡಿದವರು ಡೈರಿಗೆ ಹೋಗುವ, ಮಕ್ಕಳು ಸ್ಕೂಲಿನ ಬಸ್ಸಿಗೆ ಓಡುವ ಹೊತ್ತಿನಲ್ಲಿ ಸಿದ್ದಯ್ಯನವರು ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಭುಜದ ಮೇಲೊಂದು ಬಟ್ಟೆಯ ಚೀಲ. ಜೊತೆಗೆ ಮೇಷ್ಟ್ರಾಗಿರುವ ಅವರ ಮಗ. ನಮ್ಮ ಮನೆಯ ಮುಂದೆ ನಿಂತರು.

ಅಪ್ಪ ಜಗುಲಿ ತೋರಿಸಿದ. "ಮ್ಯಾಲೆ ಕುಂತ್ಕೊ. ನಾ ಕೆಳಗೆ ನಿಂತ್ಕತೀನಿ." ಊರಿನ ದೊಡ್ಡವರಿಗೆ ಅವನು ಮಾಡುತ್ತಿದ್ದುದೇ ಹಾಗೆ. ಅವರು ಜಗುಲಿಯ ಮೇಲೆ, ಅಪ್ಪ ಬೀದಿಯಲ್ಲಿ.

ಸಿದ್ದಯ್ಯನವರು ಒಂದು ಗಳಿಗೆ ಜಗುಲಿಯನ್ನೇ ನೋಡಿದರು. ಚಪ್ಪಲಿ ಬಿಟ್ಟು ಹತ್ತಿ ಕೂತರು.

ಅಪ್ಪ ನೊರೆ ಹಚ್ಚಿದ. ಕತ್ತಿಯನ್ನು ಪಟ್ಟಿಯ ಮೇಲೆ ಎಳೆದ. ಅವನ ಎದೆಯೊಳಗೆ ತಿದಿ ಊದಿದಂತೆ ಸದ್ದು ಬರುತ್ತಿತ್ತು, ಬೀದಿಯ ಆಚೆಗೂ ಕೇಳುವಷ್ಟು. ಅವನು ಉಸಿರು ಎಳೆದುಕೊಳ್ಳುತ್ತಿದ್ದ, ಬಿಡುತ್ತಿದ್ದ, ಬಿಟ್ಟ ಮೇಲಿನ ಆ ಸಣ್ಣ ನಿಲುಗಡೆಯಲ್ಲಿ ಮಾತ್ರ ಕತ್ತಿ ಎಳೆಯುತ್ತಿದ್ದ. ಮತ್ತೆ ಉಸಿರು, ಮತ್ತೆ ಒಂದು ಎಳೆತ. ನಾನು ಇಷ್ಟು ವರ್ಷ ಕತ್ತಿ ಹಿಡಿದವನು, ಹೀಗೆ ಮಾಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ದವಡೆಯ ಕೆಳಗೆ ಆಪರೇಷನ್ನಿನ ಗಾಯ ಇನ್ನೂ ಕೆಂಪಗಿತ್ತು. ಕತ್ತಿ ಅದರ ಅಂಚಿನವರೆಗೆ ಹೋಗಿ, ನಿಂತು, ಸುತ್ತಿಕೊಂಡು ಮುಂದೆ ಹೋಯಿತು. ಒಂದು ಹನಿ ರಕ್ತ ಬರಲಿಲ್ಲ.

ಬೀದಿಯಲ್ಲಿ ಜನ ನಿಂತರು, ಹೋದರು. ಎದುರು ಮನೆಯ ಬಾಗಿಲು ಮುಚ್ಚಿತು. ಅಪ್ಪನ ಕೈಯಲ್ಲೇ ಕೊನೆಯವರೆಗೂ ಕ್ಷೌರ ಮಾಡಿಸಿಕೊಂಡಿದ್ದ ಹಿರಿಯ ರೈತರೊಬ್ಬರು ಕ್ಯಾನು ಹಿಡಿದು ಬಂದವರು ನಿಂತುಬಿಟ್ಟರು. ಎಲ್ಲರೂ ಅವರ ಮುಖ ನೋಡಿದೆವು.

"ಏನ್ ಮುತ್ತಯ್ಯ, ಉಸಾರಾದಾ?"

"ಉಸಾರಾದೆ ಬುದ್ಧಿ," ಅಂದ ಅಪ್ಪ, ಕತ್ತಿಯಿಂದ ಕಣ್ಣು ತೆಗೆಯದೆ.

ಅವರು ಕ್ಯಾನು ಕೈ ಬದಲಿಸಿಕೊಂಡು ಡೈರಿಯ ಕಡೆ ಹೋದರು. ಆಮೇಲೆ ಅವರೂ ಅವರ ಮನೆಯವರೂ ತಮ್ಮನ ಸಲೂನಿಗೆ ಬರುವುದನ್ನು ಬಿಟ್ಟರು. ಇನ್ನೂ ಕೆಲವರು ಬಿಟ್ಟರು. ಕೆಲವರು ತಿಂಗಳೊಪ್ಪತ್ತಿನ ಮೇಲೆ ಮತ್ತೆ ಬಂದರು. ಅಷ್ಟರಲ್ಲಿ ಕೇರಿಯ ಹುಡುಗನೊಬ್ಬ ಸಲೂನಿನ ಬಾಗಿಲಿಗೆ ಬಂದು ನಿಂತಾಗ ತಮ್ಮ ಕುರ್ಚಿಯ ಧೂಳು ಒರೆಸಿ, "ಬಾಪ್ಪ," ಎಂದಿದ್ದ. ಈಗ ಎಲ್ಲರೂ ಬರುತ್ತಾರೆ. ಸುಲಭವಾಗಿ ಆಯಿತೆಂದು ನಾನು ಹೇಳುವುದಿಲ್ಲ. ಎರಡು ಸುಗ್ಗಿ ಅವನ ಮನೆ ನಡೆದದ್ದು ಕಷ್ಟದಲ್ಲೇ.

ಕ್ಷೌರ ಮುಗಿಯಿತು. ಅಪ್ಪ ಒದ್ದೆ ಬಟ್ಟೆಯಿಂದ ಸಿದ್ದಯ್ಯನವರ ಮುಖ ಒರೆಸಿದ. ಅವರು ಅಂಗೈಯಿಂದ ಕೆನ್ನೆ ಸವರಿಕೊಂಡರು, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ.

"ನರಸೀಪುರದಲ್ಲೂ ಮಾಡ್ಲಿಲ್ಲ ಕಣ ಅವತ್ತು," ಎಂದರು. "ಅಲ್ಲೂ ಯಾವೂರು, ಯಾವ್ ಕೇರಿ ಅಂದ್ರು. ವಾಪಸ್ ಬರ್ವಾಗ ಸಂತೇಲಿ ಇದ ತಕಂಡೆ."

ಚೀಲದಿಂದ ಒಂದು ಗಂಟು ತೆಗೆದರು. ಬಿಚ್ಚಿದರೆ ಎಣ್ಣೆಬಟ್ಟೆ. ಎಣ್ಣೆಬಟ್ಟೆಯೊಳಗೆ ಒಂದು ಕತ್ತಿ. ಮಸೆದು ಮಸೆದು ಅಲಗು ಅರ್ಧ ಅಗಲಕ್ಕೆ ಸವೆದಿತ್ತು. ಹಿಡಿ ಕೈಯಲ್ಲೇ ಕೆತ್ತಿದ ಮರದ್ದು.

"ನನ್ ಮದ್ವೆಗೆ ನಾನೇ ಮಾಡ್ಕಂಡೆ, ನಾಲೆ ನೀರಲ್ಲಿ ಮೊಕ ನೋಡ್ಕಂಡು. ಆಮೇಲೆ ನಮ್ ಕೇರಿಲಿ ಎಷ್ಟ್ ಮದ್ವೆ ಆದ್ವೊ ಎಲ್ಲಾ ಗಂಡ್ಗೂ ನಾನೇ ಮಾಡಿವ್ನಿ."

ಅಪ್ಪ ಕೈ ಚಾಚಿದ. ಸಿದ್ದಯ್ಯನವರು ಕತ್ತಿ ಕೊಟ್ಟರು. ಅಪ್ಪ ಬೆನ್ನು ನೋಡಿದ, ಕೀಲು ಆಡಿಸಿದ, ಬಾಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಅವನ ಮುಖ ನೋಡಿಯೇ ನನಗೆ ತಿಳಿಯಿತು, ಅಲ್ಲೂ ಏನೂ ಕಾಣಲಿಲ್ಲ. ಕತ್ತಿಯ ವಿಷಯದಲ್ಲಿ ಯಾರನ್ನೂ ಏನೂ ಕೇಳಿದವನಲ್ಲ ನನ್ನಪ್ಪ. ಎಣ್ಣೆಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಕೇಳಿದ.

"ಯಾವ್ ಎಣ್ಣೆ?"

"ಹೊಂಗೆಣ್ಣೆ. ಏರಿ ಮ್ಯಾಲೆ ಬಿದ್ದಿರೋ ಬೀಜ ಆಯ್ದು ಗಾಣ್ದಲ್ಲಿ ಬುಡುಸ್ಕತಿದ್ದೊ. ಹುಳೂನೂ ಬರಕ್ಕಿಲ್ಲ."

"ಮಸಿಯೋದು ಯಾರ್ ಏಳ್ಕೊಟ್ರು?"

"ನೀನೇ," ಎಂದರು ಸಿದ್ದಯ್ಯನವರು. "ನೀನು ದೊಡ್ಡೋರ್ ಮನೆ ಜಗುಲಿ ತಾವ ಮಸಿತಿದ್ದಲ್ಲ, ನಾ ಬೀದಿ ಮೂಲೇಲಿ ದನ ಇಡ್ಕಂಡು ನಿಂತಿರ್ತಿದ್ದೆ. ನಿನ್ ಕೈ ನೋಡೇ ಕಲ್ತದ್ದು. ದೂರದಿಂದ."

ಅಪ್ಪ ಎಣ್ಣೆಬಟ್ಟೆಯನ್ನು ಮಡಚಿ ಜಗುಲಿಯ ಮೇಲಿಟ್ಟ. ಕತ್ತಿಯನ್ನು ನನ್ನ ಕೈಗೆ ಕೊಟ್ಟ. ಏನು ಮಾಡಬೇಕೆಂದು ಹೇಳಬೇಕಾಗಿರಲಿಲ್ಲ. ನಾನು ತೊಳೆದು ಸ್ಪಿರಿಟ್ಟಿನಲ್ಲಿ ಇಟ್ಟು, ಒರೆಸಿ ತಂದೆ. ಅಷ್ಟರಲ್ಲಿ ಅಪ್ಪ ಜಗುಲಿಯ ಗೋಡೆ ಹಿಡಿದು ಬೀದಿಯ ಮಣ್ಣಿನ ಮೇಲೆ, ಸಿದ್ದಯ್ಯನವರ ಕಾಲ ಬಳಿ ಕೂತುಬಿಟ್ಟಿದ್ದ.

"ನಂಗೂ ಮಾಡು," ಅಂದ.

ಸಿದ್ದಯ್ಯನವರು ಅವನನ್ನು ನೋಡಿದರು. ಜಗುಲಿಯಿಂದ ಇಳಿದರು. ಅಪ್ಪನ ಎರಡೂ ರಟ್ಟೆ ಹಿಡಿದು ಎತ್ತಿ, ತಾವು ಕೂತಿದ್ದ ಜಾಗದಲ್ಲೇ ಕೂರಿಸಿದರು. ಏದುಸಿರು ಇಳಿಯುವವರೆಗೆ ಅವನ ಬೆನ್ನು ನೀವಿದರು. ಆಮೇಲೆ ನೊರೆ ಹಚ್ಚಿದರು. ಹೆಬ್ಬೆರಳು, ತೋರುಬೆರಳಿನ ನಡುವೆ ಅಪ್ಪನ ಕೆನ್ನೆಯ ಚರ್ಮವನ್ನು ಬಿಗಿ ಹಿಡಿದು, ಉಸಿರು ಬಿಟ್ಟು ನಿಲ್ಲುವ ಆ ಗಳಿಗೆಗೆ ಕಾದು, ಒಂದೇ ಒಂದು ಎಳೆತ ಎಳೆದರು. ಅದು ಅಪ್ಪನ ಎಳೆತವೇ. ಅದೇ ಓರೆ, ಅದೇ ನಿಧಾನ. ತಮ್ಮ ನನ್ನ ತೋಳು ಹಿಡಿದುಕೊಂಡ.

ಎರಡು ಕೆನ್ನೆಯೂ ಆದ ಮೇಲೆ ಸಿದ್ದಯ್ಯನವರು ಅವನ ಹಣೆಯ ಮೇಲೆ ಕೈಯಿಟ್ಟರು.

"ಗದ್ದ ಎತ್ತು, ಮುತ್ತ."

ನನ್ನಪ್ಪ ಕಣ್ಣು ಮುಚ್ಚಿ, ಆ ಕತ್ತಿಗೆ ಕೊರಳು ಕೊಟ್ಟ.